ತಲೆದಿಂಬಿನ ಹತ್ತಿ

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದಲ್ಲಾಳಿ ಗುರುಪಾದಯ್ಯನವರ ಹೆಬ್ಬೆರಳಿಗೆ ಇದ್ದ ಮರ್ಯಾದೆ ಬರೆದ ಕಾಗದಕ್ಕೂ ಇರಲಿಲ್ಲ. ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು, ಎಳೆದೆಳೆದು ನೋಡಿ, ಎಳೆಯ ಉದ್ದ ಇಷ್ಟು ಎಂದರೆ ಮುಗಿಯಿತು. ಬೆಳೆದವನೂ ಕೊಳ್ಳುವವನೂ ತಲೆಯಾಡಿಸುತ್ತಿದ್ದರು. ಅದಕ್ಕಾಗಿ ಅವರು ಗಾದಿ ಬಿಟ್ಟು ಏಳುತ್ತಲೂ ಇರಲಿಲ್ಲ. ಹತ್ತಿಯೇ ಅವರ ಬಳಿಗೆ ಬರಬೇಕು. ಮೂವತ್ತು ವರ್ಷ ಹೀಗೆ ಕೂತ ಮೇಲೆ ಸೊಂಟ ಸುಮ್ಮನಿದ್ದೀತೇ?

ಸೊಂಟನೋವಿಗೆಂದು ಯಾರೋ ಬರೆದುಕೊಟ್ಟ ಜೋರು ಗುಳಿಗೆ ಶುರುವಾಯಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ನೋವು ಮಲಗಿತು, ಜೊತೆಗೆ ಅಯ್ಯನವರೂ ಮಲಗಿದರು. ಒಂದು ಮಧ್ಯಾಹ್ನ ಪೆದ್ದಹರಿವಾಣಂನ ರೈತ ರಂಗನಾಥ ತಂದ ಹತ್ತಿ ಎದುರಿಗೇ ಇದ್ದರೂ, ಅರೆಗಣ್ಣಿನಲ್ಲಿ ತಮ್ಮ ಹರಿದ ತಲೆದಿಂಬಿನಿಂದ ಚಿಟಿಕೆ ಕಿತ್ತು ಎಳೆದು, "ಭೇಷಿ ಎಳಿ ಐತಿ, ಒಂದನೇ ನಂಬರ್" ಎಂದುಬಿಟ್ಟರು. ರೈತರು ತರುವ ಹತ್ತಿಯಲ್ಲಿ ಇರಬೇಕಾದ ಬೀಜವೇ ಅದರಲ್ಲಿ ಇಲ್ಲವೆಂಬುದೂ ಹೊಳೆಯಲಿಲ್ಲ. ಮಾರುಕಟ್ಟೆಗೆ ಮಾರುಕಟ್ಟೆಯೇ ಹೊಟ್ಟೆ ಹಿಡಿದು ನಕ್ಕಿತು. ತಲೆದಿಂಬನ್ನು ದಿಂಡು ಎನ್ನುವ ತೆಲುಗಿನವರು 'ದಿಂಡಯ್ಯಗಾರು' ಎಂದು ಹೆಸರನ್ನೂ ಇಟ್ಟರು. ನಗು ಹೋಗಲಿ, ಮರುದಿನದಿಂದ ರೈತರು ಚಿಟಿಕೆ ಹತ್ತಿ ಹಿಡಿದು ಪಕ್ಕದ ಅಂಗಡಿಗೂ ಹೋಗಿ ಕೇಳತೊಡಗಿದರು. ಅದು ಅಯ್ಯನವರಿಗೆ ಸೊಂಟಕ್ಕಿಂತ ಹೆಚ್ಚು ನೋಯಿತು.

ಹೆಂಡತಿ ಅಂಬಮ್ಮ ಅವರನ್ನು ಡಾಕ್ಟರ್ ಸುಹಾಸಿನಿಯ ಹತ್ತಿರ ಎಳೆದೊಯ್ದರು. ನೋವು ಪೂರ್ತಿ ಹೋಗುತ್ತದೆಂದು ಡಾಕ್ಟರ್ ಹೇಳಲಿಲ್ಲ. ಗುಳಿಗೆಯನ್ನು ಒಮ್ಮೆಲೇ ಬಿಡಬೇಡಿ, ನಾನು ಹೇಳಿದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ. ಬೆಳಿಗ್ಗೆ ವ್ಯಾಯಾಮ, ಮಲಗುವಾಗ ಬಿಸಿನೀರಿನ ಚೀಲ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ ಎಂದರು. ಗಾದಿ ಬಿಟ್ಟು ಏಳುವುದೆಂದರೆ? ಅಯ್ಯನವರ ಮುಖ ಹರಳೆಣ್ಣೆ ಕುಡಿದಂತಾಯಿತು.

ಆದರೂ ಎದ್ದರು. ಎದ್ದವರು ಕೆಲಸವಿಲ್ಲದೆ ಅಡ್ಡಾಡುವುದು ಹೇಗೆಂದು ರಾಶಿಯಿಂದ ರಾಶಿಗೆ ಹೋಗಿ, ಮೊಳಕೈವರೆಗೆ ಕೈ ಹಾಕಿ ಹತ್ತಿ ತೆಗೆದು ನೋಡತೊಡಗಿದರು. ಎಳೆ ಇಷ್ಟು ಎಂದು ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯ ಬರಲಿಲ್ಲ. ಗುಳಿಗೆ ಇಳಿದಾಗಲೆಲ್ಲ ಕೆಲವು ದಿನ ಬೆವರು, ಸಿಟ್ಟು. ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ ಸೊಂಟ ಎತ್ತುವಾಗ ಅಂಬಮ್ಮ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು. ಬೇಕೆಂದೇ ಏಳಾದ ಮೇಲೆ ಮತ್ತೆ ಆರು ಎನ್ನುತ್ತಿದ್ದರು.

ತಿಂಗಳುಗಳು ಕಳೆದು ಕೊನೆಯ ಗುಳಿಗೆಯೂ ನಿಂತಿತು. ಒಂದು ಬೆಳಿಗ್ಗೆ ಚಾಪೆ ಹಾಸಿದ ಅಂಬಮ್ಮ ಚಿಟಿಕೆ ಹತ್ತಿಯನ್ನು ಗಂಡನ ಅಂಗೈಗಿಟ್ಟು, "ರಂಗನಾಥ ಬೀಜ ತಗದು ಕಳಿಸ್ಯಾನ, ನೋಡ್ರಿ" ಎಂದರು.

ಅಯ್ಯನವರು ಎಳೆದರು. ಇನ್ನೊಮ್ಮೆ ಎಳೆದರು. ಈಗಲೂ ಕೈ ಸುಳ್ಳು ಹೇಳಿದರೆ ಗಾದಿಯ ಮೇಲೆ ಮತ್ತೆ ಕೂರಬಾರದೆಂದು ಅವರು ಒಳಗೊಳಗೇ ನಿಶ್ಚಯಿಸಿಬಿಟ್ಟಿದ್ದರು.

"ಇದು ತಲಿದಿಂಬಿಂದು," ಎಂದರು. "ನಂದಲ್ಲ, ನಿಂದು. ಎಳಿಗೆ ಕೊಬ್ಬರಿ ಎಣ್ಣಿ ಹತ್ತೈತಿ."

ಅಂಬಮ್ಮನ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು, ಸೊಂಟ ಹೇಗಿದೆ ಎಂದು ಕೇಳಿದರು.

"ನೋಯ್ತೈತಿ," ಎನ್ನುತ್ತ ಅಯ್ಯನವರು ಚಾಪೆಯ ಮೇಲೆ ಅಂಗಾತ ಮಲಗಿದರು. "ಎಣಸು. ಇವತ್ತರೆ ಏಳಾದ ಮ್ಯಾಲ ಎಂಟು ಅನ್ನು."