ಕಂಕುಳಿನ ಗಂಟು

ಭದ್ರಾವತಿಯ ನ್ಯೂ ಟೌನಿನಲ್ಲಿ ಯಾರ ಮನೆಯ ಕೂಸು ರಚ್ಚೆ ಹಿಡಿದರೂ ದಾಕ್ಷಾಯಣಮ್ಮನಿಗೆ ಹೇಳಿಕಳಿಸುತ್ತಿದ್ದರು. ಔಷಧ ಎಷ್ಟು ಗೊತ್ತಿತ್ತೋ ಏನೋ, ಧೈರ್ಯವಂತೂ ಅವರಿಗೆ ಬೇಕಾದಷ್ಟಿತ್ತು. ಆ ಧೈರ್ಯವೇ ಅವರನ್ನು ಕೆಡಿಸಿತು ಎನ್ನಬೇಕು.

ಸೊಸೆ ಸುಮನಾ ಹೊಳೆಹೊನ್ನೂರಿನ ತವರಿನಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಸ್ಫೂರ್ತಿಯನ್ನು ಎತ್ತಿಕೊಂಡು ಬಂದ ವಾರವದು. ಬಚ್ಚಲಲ್ಲಿ ಕಾಲು ಚಾಚಿ ಕೂತು ಮೊಮ್ಮಗಳಿಗೆ ಎಣ್ಣೆ ನೀವುತ್ತಿದ್ದಾಗ ಅದರ ಎಡಗಂಕುಳಲ್ಲಿ ಬಟಾಣಿಯಷ್ಟು ಗಂಟು ದಾಕ್ಷಾಯಣಮ್ಮನ ಬೆರಳಿಗೆ ಸಿಕ್ಕಿತು. ಟಿ.ಬಿ.ಯಲ್ಲೂ ಹೀಗೇ ಗಂಟು ಕಟ್ಟುತ್ತದೆಂದು ಕೇಳಿದ್ದ ಅವರಿಗೆ ತಕ್ಷಣ ಸುಮನಾಳ ಅಪ್ಪ ಓಂಕಾರಪ್ಪನವರ ನೆನಪಾಯಿತು. ಅವರಿಗೆ ಹಿಂದೊಮ್ಮೆ ಟಿ.ಬಿ. ಆಗಿ, ಮಾತ್ರೆ ನುಂಗಿ ಪೂರ್ತಿ ವಾಸಿಯಾಗಿತ್ತು. ಮದುವೆಗೆ ಮುಂಚೆ ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದ ಮಾತು ಅದು.

“ಇದು ನಿಮ್ಮಪ್ಪನ ಕಡೆಯಿಂದ ಬಂದದ್ದೇ. ಇನ್ಮೇಲೆ ಮಗೂಗೆ ನಿನ್ನ ಹಾಲು ಬೇಡ ಮಾರಾಯ್ತಿ. ನಾನು ಹಸು ಹಾಲು ಕುಡಿಸ್ತೀನಿ.”

“ನಂಗೇನೂ ಆಗಿಲ್ಲ ಅತ್ತೆ. ಡಾಕ್ಟ್ರಿಗಾದ್ರೂ ತೋರ್ಸೋಣ.”

“ತೋರ್ಸಿ ಊರಿಗೆಲ್ಲ ಡಂಗುರ ಹೊಡೀಬೇಕಾ?”

ಮಗ ಮಲ್ಲೇಶ್ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಶಿಫ್ಟಿಗೆ ಹೊತ್ತಾಯಿತೆಂದು ಹೊರಟ. ಗಂಡಸರಿಗೆ ಇಂಥ ಹೊತ್ತಿನಲ್ಲೇ ಹೊತ್ತಾಗುತ್ತದೆ. ಅಂದಿನಿಂದ ಕೂಸು ಅಜ್ಜಿಯ ತೊಡೆಯ ಮೇಲೆ ಬಾಟಲಿ ಚೀಪಿ, ಅಜ್ಜಿಯ ಮಗ್ಗುಲಲ್ಲೇ ಮಲಗಿತು. ಸುಮನಾ ಬಚ್ಚಲ ಬಾಗಿಲು ಹಾಕಿಕೊಂಡು ಹಾಲು ಹಿಂಡಿ ಚೆಲ್ಲಿದಳು. ಮೊಮ್ಮಗಳನ್ನು ನೋಡಲು ಬಂದ ಓಂಕಾರಪ್ಪನವರನ್ನು ದಾಕ್ಷಾಯಣಮ್ಮ ಬಾಗಿಲಲ್ಲೇ ಮಾತಾಡಿಸಿ ಸಾಗಹಾಕಿದರು.

ಮೂರು ವಾರವಾದರೂ ಗಂಟು ಕರಗಲಿಲ್ಲ. ದಾಕ್ಷಾಯಣಮ್ಮನ ಧೈರ್ಯ ಕರಗಿತು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಶಿವಮೊಗ್ಗದ ಮಕ್ಕಳ ಡಾಕ್ಟರ ಹತ್ತಿರ ಹೋದರು. ಡಾಕ್ಟರಮ್ಮ ಮಗುವಿನ ಕತ್ತು, ಕಂಕುಳು, ತೊಡೆಸಂದಿಗಳನ್ನೆಲ್ಲ ಮುಟ್ಟಿ ನೋಡಿ, ಎಡತೋಳಿನ ಸಣ್ಣ ಕಲೆಯ ಮೇಲೆ ಬೆರಳಿಟ್ಟರು.

“ಹುಟ್ಟಿದಾಗ ಟಿ.ಬಿ. ಬರದ ಹಾಗೆ ಇಲ್ಲಿ ಬಿಸಿಜಿ ಸೂಜಿ ಹಾಕಿದಾರಲ್ಲ, ಅದಕ್ಕೇ ಈ ಗಂಟು. ಕಾಲಿಗೆ ಗಾಯ ಆದ್ರೆ ತೊಡೆಸಂದೀಲಿ ಗಡ್ಡೆ ಕಟ್ಟಲ್ವಾ? ಹಲ್ಲೋ ಗಂಟಲೋ ಕೆಟ್ರೆ ಕತ್ತಲ್ಲಿ ಊದುತ್ತೆ. ಹಾಗೇ ತೋಳಿಂದು ಕಂಕುಳಿಗೆ. ಮಗು ಚೆನ್ನಾಗಿದೆ, ಇದು ತಾನಾಗೇ ಕರಗುತ್ತೆ. ದೊಡ್ಡದಾದ್ರೆ, ಕೀವಾದ್ರೆ ಕರ್ಕೊಂಡು ಬನ್ನಿ. ತಾಯಿ ಹಾಲು ಕುಡೀತಿದೆ ತಾನೇ?”

ಸುಮನಾ ಮಗುವಿನ ಅಂಗಿಯ ಗುಂಡಿ ಹಾಕತೊಡಗಿದಳು. ಅತ್ತೆಯ ಮೇಲೆ ದೂರು ಹೇಳಿದ್ದರೆ ದಾಕ್ಷಾಯಣಮ್ಮನಿಗೆ ಸಿಟ್ಟಾದರೂ ಬರುತ್ತಿತ್ತು, ಸಿಟ್ಟಿನ ಮರೆಯಲ್ಲಿ ನಿಲ್ಲಬಹುದಿತ್ತು.

“ನಾನೇ ಬಿಡಿಸ್ದೆ,” ಎಂದರು ಕೊನೆಗೆ. “ಇವಳ ಅಪ್ಪಂಗೆ ಹಿಂದೆ ಟಿ.ಬಿ. ಇತ್ತು ಅಂತ...”

“ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲಮ್ಮ! ಈಗ್ಲೇ ಕುಡಿಸಿ ನೋಡೋಣ.”

ದಾಕ್ಷಾಯಣಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವಾಸಿಯಾದ ಮನುಷ್ಯನನ್ನು ಹೊಸ್ತಿಲಾಚೆ ನಿಲ್ಲಿಸಿದ್ದಕ್ಕೆ, ತುಂಬಿದ ಎದೆಯ ಹಾಲು ಚೆಲ್ಲಿಸಿದ್ದಕ್ಕೆ ನಾಚಿಕೆಯಾಯಿತು.

ಸುಮನಾ ಗೋಡೆಯ ಕಡೆ ತಿರುಗಿ ಸೆರಗು ಸರಿಸಿ ಮಗುವನ್ನು ಎದೆಗಿಟ್ಟುಕೊಂಡಳು. ಮಗು ಮುಖ ತಿರುಗಿಸಿತು. ಮತ್ತೆ ಇಟ್ಟಳು. ಚೀರಿ ಮೈ ಸೆಟೆಸಿತು. ಹೆಗಲಿಗೆ ಹಾಕಿಕೊಂಡಾಗ ಅಜ್ಜಿಯ ಮುಖ ಕಂಡು, ಅಳು ನಿಲ್ಲಿಸಿ ಎರಡೂ ಕೈ ಚಾಚಿತು. ಮೊಮ್ಮಗಳು ತನ್ನನ್ನೇ ಹಚ್ಚಿಕೊಂಡಿದ್ದಾಳೆಂದು ನಿನ್ನೆಯವರೆಗೂ ಬೀದಿಗೆಲ್ಲ ಹೇಳಿಕೊಂಡು ಮೆರೆದಿದ್ದ ದಾಕ್ಷಾಯಣಮ್ಮ ಕೈ ಮುಂದೆ ಮಾಡಲಾರದೆ ಕೂತರು.

“ಎತ್ಕೊಳ್ಳಿ ಅತ್ತೆ,” ಎಂದಳು ಸುಮನಾ, ಗೋಡೆಯ ಕಡೆಗೇ ಮುಖ ಮಾಡಿ. “ನನ್ನ ಹತ್ರ ಇರಲ್ಲ ಅದು.”