ಕರ್ಪೂರ ಕೊರೆದ ಕಿಂಡಿ

ಪೀಣ್ಯಕ್ಕೆ ಮೆಟ್ರೋ ಬರುವ ಮುಂಚಿನ ಮಾತು. ಟಿವಿಯಲ್ಲಿ ಯಾರೋ ಸರ್ಫ್ ಬೋರ್ಡ್ ಮೇಲೆ ನಿಂತು ಅಲೆ ಹತ್ತಿ ಇಳಿಯುವುದನ್ನು ಕಂಡಿದ್ದೇ ತಡ, ಕೊಟ್ರಪ್ಪನಿಗೂ ಅವನ ರೂಮಿನ ಜೊತೆಗಾರ ಬಸಲಿಂಗನಿಗೂ ಹುಚ್ಚು ಹಿಡಿಯಿತು. ಇಬ್ಬರೂ ಸಮುದ್ರ ಕಂಡವರಲ್ಲ. ಆದರೂ ತಾವು ದುಡಿಯುವ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಬಿಸಾಕಿದ ಥರ್ಮಾಕೋಲ್ ಚೂರುಗಳನ್ನು ತಂದು, ಅಂಟಿಸಿ, ಉಜ್ಜಿ, ಅಂಥದೇ ಆಳೆತ್ತರದ ಹಲಗೆ ಮಾಡಿಯೇ ಬಿಟ್ಟರು. ದಸರೆ ರಜೆಗೆ ಗೋಕರ್ಣಕ್ಕೆ ಹೊರಡುವುದೆಂದು ಮಾತಾಯಿತು.

ಆಯುಧಪೂಜೆಯ ದಿನ ಮಷೀನುಗಳ ಸಾಲಿನಲ್ಲಿ ಹಲಗೆಯನ್ನೂ ಮಲಗಿಸಿದರು. ಕೊಟ್ರಪ್ಪ ಅದಕ್ಕೆ ವಿಭೂತಿ ಎಳೆದ, ಹೂವೇರಿಸಿದ, ನಡುವೆ ವೀಳ್ಯದೆಲೆಯಿಟ್ಟು ಭಕ್ತಿಯಿಂದ ಕರ್ಪೂರ ಹಚ್ಚಿದ. ಕಣ್ಮುಚ್ಚಿ ಕೈಮುಗಿದು ಕಣ್ಣು ತೆರೆಯುವಷ್ಟರಲ್ಲಿ ಥರ್ಮಾಕೋಲ್ ಕರಗಿ ಅಂಗೈಯಗಲದ ತೂತು ಬಿದ್ದಿತ್ತು.

ಕೊಟ್ರಪ್ಪ ಊದಿ ಉರಿ ಆರಿಸಿದ. ಬಸಲಿಂಗ ಹಲಗೆಯನ್ನೆತ್ತಿ, ತೂತಿನೊಳಗಿಂದ ಅವನನ್ನೇ ಇಣುಕಿ ನೋಡಿದ.

"ಚಲೋ ಆತು ಬಿಡಲೇ! ಸಮುದ್ರ ನೋಡಾಕ ಕಿಂಡಿ ಮಾಡಿದಿ" ಎಂದು ಬಿದ್ದು ಬಿದ್ದು ನಕ್ಕ.

ಆ ಸಲ ಗೋಕರ್ಣ ತಪ್ಪಿತು. ಮುಂದೆ ಊರಿಗೆ ಹೋದ ಬಸಲಿಂಗ ಮರಳಿ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಹೆಂಡತಿ ಮಕ್ಕಳೊಂದಿಗೆ ಗೋಕರ್ಣದ ದಂಡೆಯಲ್ಲಿ ನಿಂತಾಗ ಕೊಟ್ರಪ್ಪ ಮೊದಲ ಸಲ ಸಮುದ್ರದೆದುರು ಇದ್ದ. ಮಕ್ಕಳು ನೀರಿಗೆ ಓಡಿದರು. ಅವನು ಮಾತ್ರ ಎರಡೂ ಕೈಬೆರಳು ದುಂಡಗೆ ಕೂಡಿಸಿ, ಆ ತೂತಿನಷ್ಟೇ ಅಗಲ ಮಾಡಿ, ಕಣ್ಣಿಗಿಟ್ಟುಕೊಂಡ.