ನೋಡೋಣ ಡಾಕ್ಟ್ರು

ನಡೆಯುತ್ತ ನಡೆಯುತ್ತ, ಏನೋ ಮರೆತವರಂತೆ, ವಾರ್ಡಿನ ನಟ್ಟನಡುವೆ ನಿಂತುಬಿಡುವುದು ಅವರ ಅಭ್ಯಾಸ. ಹಿಂದೆ ಬರುವ ಔಷಧಿಯ ಗಾಡಿ ಅವರ ಬೆನ್ನಿಗೆ ತಾಗಿದರೆ, ಗಾಡಿಗೇ ಕ್ಷಮೆ ಕೇಳಿ ಮುಂದೆ ಹೋಗುತ್ತಿದ್ದರು. ಗುಂಡಿಗಳನ್ನು ತಪ್ಪು ಕಾಜಗಳಿಗೆ ಸಿಕ್ಕಿಸಿ ಒಂದು ಕಡೆ ಜೋತುಬಿದ್ದ ಬಿಳಿ ಕೋಟು. ಮಾತಿನ ಆದಿಯಲ್ಲೂ ಅಂತ್ಯದಲ್ಲೂ ‘ನೋಡೋಣ’. ನರ್ಸುಗಳು ಅವರಿಗೆ ಇಟ್ಟಿದ್ದ ಹೆಸರೂ ಅದೇ: ನೋಡೋಣ ಡಾಕ್ಟ್ರು.

ಎಂಡೋಸ್ಕೋಪಿಯ ಕೊಳವೆ ಕೈಗೆ ಬಂದರೆ ಮಾತ್ರ ಬೇರೆಯೇ ಮನುಷ್ಯ. ಪಿತ್ತಕೋಶದ ಕಲ್ಲಿನಿಂದ ನನ್ನ ಭಾವನ ಮೇದೋಜೀರಕ ಗ್ರಂಥಿ ಊದಿಕೊಂಡು, ಅದರ ರಸ ಸೋರಿ ಜಠರದ ಹಿಂದೆ ಚೀಲದಂತೆ ತುಂಬಿ ನಿಂತಾಗ, ಬಾಯಿಯಿಂದ ಕೊಳವೆ ಇಳಿಸಿ, ಜಠರದ ಗೋಡೆಯಲ್ಲೇ ದಾರಿ ಮಾಡಿ, ಆ ನೀರನ್ನು ಸಲೀಸಾಗಿ ಹರಿಸಿದವರು ಅವರೇ.

ಮರುವರ್ಷ ಅಕ್ಕನ ಮಗಳು, ಎಂಟು ವರ್ಷದವಳು, ಸೈಕಲ್ಲಿನಿಂದ ಬಿದ್ದಳು. ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಒತ್ತಿತ್ತು. ಹೊರಗೆ ತರಚಿದ ಗುರುತೂ ಇರಲಿಲ್ಲ. ಕೆಲವು ವಾರಗಳಲ್ಲಿ ಅಪ್ಪನಿಗಾದಂಥದೇ ಚೀಲ ಅವಳ ಹೊಟ್ಟೆಯಲ್ಲೂ ಕಾಣಿಸಿತು. ಅದೇ ರೋಗ, ಅದೇ ಡಾಕ್ಟರು. ನಾವು ಧೈರ್ಯವಾಗಿಯೇ ಹೋದೆವು.

“ನೋಡೋಣ. ಮಕ್ಕಳಲ್ಲಿ ಎಷ್ಟೋ ಸಲ ತಾನಾಗೇ ಇಂಗಿಹೋಗುತ್ತೆ,” ಎಂದರು.

“ಇಂಗದಿದ್ರೆ?” ಅಕ್ಕ ಕೇಳಿದಳು.

“ತೆಗೀಬೇಕು. ಆದ್ರೆ ನಮ್ಮ ಕೊಳವೆ ದೊಡ್ಡವರ ಅಳತೇದು. ಇವಳ ಗಂಟಲು ನೋಡಿ, ಎಷ್ಟಿದೆ.”

“ಇವರಪ್ಪನಿಗೆ ಮಾಡುವಾಗ ನೀವು ಇಷ್ಟು ಯೋಚನೆ ಮಾಡ್ಲಿಲ್ಲ.”

“ಅಂಥೋರನ್ನ ದಿನಾ ನೋಡ್ತೀನಮ್ಮ. ಇವಳಂಥೋರು ಅಪರೂಪ.”

ಬೆಳಿಗ್ಗೆ ಕಾಯೋಣ ಎನ್ನುವರು. ಸಂಜೆ ಹುಡುಗಿ ಕುಡಿದ ನೀರನ್ನೂ ಕಕ್ಕಿದಾಗ, ನಾಳೆ ತೆಗೆದೇಬಿಡೋಣ ಎನ್ನುವರು. ಮಂಚದ ಅಂಚಿನಲ್ಲಿ ಕೂತು, ಮುಟ್ಟಿ ನೋಡಿದ ಹೊಟ್ಟೆಯನ್ನೇ ಮತ್ತೆ ಮುಟ್ಟಿ ನೋಡುವರು.

“ನಿಮಗೆ ಗೊತ್ತಾಗ್ತಿಲ್ವಾ?” ಎಂದು ಅವಳೇ ಒಮ್ಮೆ ಕೇಳಿದಳು.

“ಇಲ್ಲ ಪುಟ್ಟಿ.”

ಅಕ್ಕ ಹೊರಗೆ ಹೋಗಿ ಅತ್ತಳು. ಹುಡುಗಿ ಮಾತ್ರ ಅವರ ಕೈಯನ್ನು ತುಸು ಎಡಕ್ಕೆ ಸರಿಸಿ, “ನೋವು ಇಲ್ಲಿ,” ಎಂದಳು.

ಕೊನೆಗೆ ದಿನ ನಿಶ್ಚಯವಾಯಿತು. ಬೇರೆ ಆಸ್ಪತ್ರೆಯಿಂದ ಸಪೂರ ಕೊಳವೆ ಬಂತು. ಮಕ್ಕಳಿಗೆ ಅರಿವಳಿಕೆ ಕೊಡುವ ವೈದ್ಯೆಯೂ ಬಂದರು. ಆ ಹೊತ್ತಿಗೆ ವಾಂತಿ ನಿಂತಿತ್ತಾದರೂ ಅದನ್ನು ಶುಭಸೂಚನೆಯೆಂದು ನಂಬುವ ಧೈರ್ಯ ನಮಗಿರಲಿಲ್ಲ. ಮಲಗಿಸುವ ಮುನ್ನ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ ಡಾಕ್ಟ್ರು ಹೊರಬಂದರು.

“ಚೀಲ ಅರ್ಧ ಆಗಿದೆ. ಇವತ್ತು ಬೇಡ.”

“ಯಾಕೆ ಕಡಿಮೆ ಆಯ್ತು?” ಎಂದಳು ಅಕ್ಕ.

“ಗೊತ್ತಿಲ್ಲ.”

“ಮತ್ತೆ ಇಷ್ಟು ದಿನ ನಮ್ಮನ್ನ ಹೆದರಿಸಿದ್ದು?”

“ನಾನೂ ಹೆದರಿದ್ದೆನಮ್ಮ.”

ಉಳಿದದ್ದೂ ಕ್ರಮೇಣ ಇಂಗಿತು. ಹುಡುಗಿ ಈಗ ಗಟ್ಟಿಮುಟ್ಟಾಗಿದ್ದಾಳೆ. ಅವರನ್ನು ಹೊಗಳಬೇಕೋ ಬಯ್ಯಬೇಕೋ ಅಕ್ಕನಿಗೆ ಇಂದಿಗೂ ತಿಳಿದಿಲ್ಲ. ಅದು ವಿವೇಕವೋ, ಅಧೈರ್ಯವೋ, ಬರಿಯ ಅದೃಷ್ಟವೋ, ನನಗೂ ಸ್ಪಷ್ಟವಿಲ್ಲ.

ಇಂಥವರ ಕೈಗೆ ಮಗುವನ್ನು ಒಪ್ಪಿಸುವುದು ಸುಲಭವಲ್ಲ. ನಿಶ್ಚಯದಿಂದ ಮಾತಾಡುವ ವೈದ್ಯರೆದುರು ನಮ್ಮ ಭಯವನ್ನು ಇಳಿಸಿ ಹಗುರಾಗಿ ಮನೆಗೆ ಬರಬಹುದು. ಇವರಾದರೋ ತಮ್ಮ ಪಾಲಿನ ಭಯವನ್ನೂ ನಮಗೆ ಕಾಣಿಸಿಬಿಡುತ್ತಾರೆ. ತಾವು ಬಲ್ಲ ವಿದ್ಯೆಯ ಅಂಚಿಗೆ ಬಂದು, ಪಳಗಿದ ಕೈಯನ್ನು ತಡೆಹಿಡಿದು ಕೂರುವ ಈ ಬಗೆಯವರ ಸಂಕಟವನ್ನು ಯಾರೂ ಚಿಕಿತ್ಸೆಯೆಂದು ಎಣಿಸುವುದಿಲ್ಲ. ಪ್ರಾಯಶಃ ಅವರೂ ಎಣಿಸುವುದಿಲ್ಲ.